ಪೂರ್ವಪಕ್ಷವಿಲ್ಲದ ಪ್ರಬಂಧ

ಸ್ವಚ್ಛತೆಯ ಮಹತ್ವ, ಕಾಲದ ಬೆಲೆ, ಗ್ರಂಥಾಲಯದ ಪ್ರಯೋಜನ ಎಂಬಂಥ ವಿಷಯಗಳನ್ನು ಕೊಟ್ಟು, ಓದುವವರಿಗೆ ಮನದಟ್ಟಾಗುವಂತೆ ಬರೆಯಿರೆಂದು ವಿದ್ಯಾರ್ಥಿಗಳಿಗೆ ಅಪ್ಪಣೆ ಮಾಡುವ ಪದ್ಧತಿ ನಮ್ಮ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆದರೆ ಮನದಟ್ಟು ಮಾಡಬೇಕಾದುದು ಯಾರಿಗೆ? ಕೊಳಕಿನ ಪಕ್ಷವನ್ನು ವಹಿಸಿ ವಾದಿಸುವ ಮನುಷ್ಯನು ಊರಿನಲ್ಲಿ ಒಬ್ಬನೂ ಇಲ್ಲದಿರುವಾಗ, ಸ್ವಚ್ಛತೆಯ ಪರವಾಗಿ ನಾಲ್ಕು ಪುಟ ಬರೆದ ಬಾಲಕನು ಇದಿರಾಳಿಯಿಲ್ಲದ ಅಖಾಡದಲ್ಲಿ ತೊಡೆ ತಟ್ಟಿ ಬಂದಂತಾಯಿತೇ ಹೊರತು, ಯಾರ ಅಭಿಪ್ರಾಯವನ್ನೂ ಒಂದೆಳೆಯಷ್ಟಾದರೂ ಕದಲಿಸಿದಂತಾಗಲಿಲ್ಲ. ಅಂಥ ಬರವಣಿಗೆಯು ಶುದ್ಧವಾಗಿರಬಹುದು, ಅಂದವಾಗಿಯೂ ಇರಬಹುದು. ವಾದಪ್ರಬಂಧವೆಂಬ ಹೆಸರು ಮಾತ್ರ ಅದಕ್ಕೆ ಸಲ್ಲದು.

ನಮ್ಮ ಪಠ್ಯಗಳು ಕಲಿಸುವ ಪ್ರಬಂಧಕ್ಕೆ ಅಂಗಗಳು ಮೂರು: ಪೀಠಿಕೆ, ವಿಷಯನಿರೂಪಣೆ, ಉಪಸಂಹಾರ. ನಮ್ಮ ಮೀಮಾಂಸಕರಾದರೋ ಒಂದು ವಿಚಾರಕ್ಕೆ ಐದು ಅಂಗಗಳನ್ನು ಹೇಳಿ, ಅದನ್ನು ಅಧಿಕರಣವೆಂದು ಕರೆದರು: ವಿಷಯ, ಸಂಶಯ, ಪೂರ್ವಪಕ್ಷ (ಎಂದರೆ ಇದಿರಾಳಿಯ ವಾದ), ಸಿದ್ಧಾಂತ, ಸಂಗತಿ. ಈ ಎರಡು ಪಟ್ಟಿಗಳನ್ನು ಪಕ್ಕದಲ್ಲಿಟ್ಟು ನೋಡಿದವನಿಗೆ, ಶಾಲೆಯ ಪ್ರಬಂಧದಿಂದ ಜಾರಿಹೋಗಿರುವುದು ಸಂಶಯ ಮತ್ತು ಪೂರ್ವಪಕ್ಷಗಳೆಂಬುದು ಒಡನೆಯೇ ಗೋಚರವಾಗುತ್ತದೆ. ಉಳಿದುದೆಲ್ಲ ಇದ್ದೂ ಈ ಎರಡು ಇಲ್ಲವಾದರೆ, ಸಿದ್ಧಾಂತವು ಯಾವ ಪ್ರಶ್ನೆಗೆ ಉತ್ತರವಾಗಿ ಹುಟ್ಟಿತೆಂಬುದೇ ತಿಳಿಯದು.

ಒಂದು ಪ್ರಶ್ನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಶಾಲೆಯ ಪುಸ್ತಕದ ಬೀರುವಿಗೆ ಬೀಗ ಹಾಕದೆ, ಹುಡುಗರು ತಾವಾಗಿ ಪುಸ್ತಕ ತೆಗೆದುಕೊಳ್ಳುವಂತೆ ಬಿಡಬೇಕೋ ಬೇಡವೋ? ಬಿಡಬೇಕೆಂಬ ಪಕ್ಷದ ಹುಡುಗನು ಮೊದಲ ಕರಡಿನಲ್ಲಿ, ಪುಸ್ತಕಗಳು ಕಳೆದುಹೋಗುತ್ತವೆಂದು ಕೆಲವು ಸಂಕುಚಿತ ಮನಸ್ಸಿನವರು ಹೇಳುತ್ತಾರೆ, ಅದು ಸರಿಯಲ್ಲ ಎಂದು ಒಂದು ವಾಕ್ಯ ಬರೆದು ಮುಂದಕ್ಕೆ ಸಾಗುತ್ತಾನೆ. ಇದು ಪೂರ್ವಪಕ್ಷವಲ್ಲ, ಬೈಗುಳ. ಬೀಗದ ಕೈ ಹಿಡಿದಿರುವ ಮೇಷ್ಟರ ಸ್ಥಾನದಲ್ಲಿ ಅವನು ಒಂದು ಗಳಿಗೆ ಕುಳಿತು ನೋಡಬೇಕು. ವರ್ಷದ ಕೊನೆಗೆ ದಾಸ್ತಾನು ಪುಸ್ತಕವನ್ನು ತೆರೆದು ಒಂದೊಂದು ಪುಸ್ತಕಕ್ಕೂ ಲೆಕ್ಕ ಒಪ್ಪಿಸಬೇಕಾದವರು ಅವರು. ಕಳೆದುಹೋದ ನಿಘಂಟಿಗೆ ಬದಲು ನಿಘಂಟು ಬರುವುದು ಮುಂದಿನ ಅನುದಾನ ಬಂದಮೇಲೆ. ಅಷ್ಟುಕಾಲ ಅದರಿಂದ ವಂಚಿತರಾಗುವವರು, ಮನೆಯಲ್ಲಿ ಒಂದು ಪುಸ್ತಕವೂ ಇಲ್ಲದ ಬಡ ಹುಡುಗರೇ. ಬೀಗ ಬೇಕೆನ್ನುವವರ ವಾದವನ್ನು ಇಷ್ಟು ನ್ಯಾಯವಾಗಿ, ಆ ಮೇಷ್ಟರೇ ಓದಿ ‘ಹೌದು, ನನ್ನ ಮಾತು ಇದೇ’ ಎಂದು ತಲೆದೂಗುವಂತೆ ಬರೆದ ಮೇಲೆ, ಅದಕ್ಕೆ ಕೊಡುವ ಉತ್ತರಕ್ಕೆ ತಾನಾಗಿಯೇ ಒಂದು ತೂಕ ಬರುತ್ತದೆ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯದಲ್ಲಿ ಸಾಂಖ್ಯರ ಮತವನ್ನು ವಿಸ್ತಾರವಾಗಿ ಎತ್ತಿಕೊಂಡು ಖಂಡಿಸಿದ ಬಳಿಕ ಪ್ರಧಾನಮಲ್ಲ ನಿಬರ್ಹಣ ನ್ಯಾಯವೆಂಬುದನ್ನು ಹೇಳುತ್ತಾರೆ: ಮುಖ್ಯ ಜಟ್ಟಿಯು ಬಿದ್ದರೆ ಉಳಿದವರು ಬಿದ್ದಂತೆಯೇ. ನಮ್ಮ ಮಕ್ಕಳಿಗೆ ಕಲಿಸುತ್ತಿರುವುದು ಇದಕ್ಕೆ ತೀರ ವಿರುದ್ಧವಾದ ವಿದ್ಯೆ. ಎಲ್ಲರಿಗಿಂತ ನರಪೇತಲನನ್ನು ಆರಿಸಿಕೊಂಡು ಕೆಡಹುವುದು.

ಇನ್ನು ಹೇತುವಿನ ಮಾತು. ಗುಡ್ಡದ ಮೇಲೆ ಬೆಂಕಿಯಿದೆ, ಏಕೆಂದರೆ ಹೊಗೆ ಕಾಣುತ್ತಿದೆ, ಅಡುಗೆಮನೆಯಲ್ಲಿ ಕಂಡಂತೆ ಎಂಬ ನೈಯಾಯಿಕರ ಅನುಮಾನವನ್ನು ಕೇಳಿ ನಗುವವರುಂಟು. ಆದರೆ ಅದೇ ನೈಯಾಯಿಕರು ಈ ಅನುಮಾನವನ್ನು ತಿರುವುಮುರುವು ಮಾಡಲು ಒಪ್ಪಲಿಲ್ಲವೆಂಬುದನ್ನು ನಗುವವರು ಗಮನಿಸಿರುವುದಿಲ್ಲ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಆದಕಾರಣ ಬೆಂಕಿಯನ್ನು ಕಂಡು ಹೊಗೆಯನ್ನು ಊಹಿಸಲಾಗದು. ನಮ್ಮ ಹುಡುಗನು, ಮಹಾಪುರುಷರೆಲ್ಲ ಚಿಕ್ಕಂದಿನಲ್ಲಿ ಬಹಳ ಓದಿದವರು, ಆದುದರಿಂದ ಬೀರು ತೆರೆದಿದ್ದರೆ ನಾವೂ ಮಹಾಪುರುಷರಾಗುತ್ತೇವೆ ಎಂದು ಬರೆಯುವಾಗ ಮಾಡುವುದು ಈ ತಪ್ಪನ್ನೇ. ಓದಿಯೂ ಏನೂ ಆಗದವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದೇವೆ. ಅದಕ್ಕಿಂತ, ಎರವಲು ಕೊಡುವ ವಹಿಯನ್ನು ಕೇಳಿ ತೆಗೆದುಕೊಂಡು, ಹೋದ ತಿಂಗಳು ತನ್ನ ತರಗತಿಗೆ ಎಷ್ಟು ಪುಸ್ತಕಗಳು ಹೊರಬಂದವೆಂದು ಎಣಿಸಿ ಬರೆದರೆ, ಆ ಒಂದು ಸಣ್ಣ ಸಂಖ್ಯೆಯು ಹತ್ತು ಸುಭಾಷಿತಗಳಿಗಿಂತ ಹೆಚ್ಚು ಕೆಲಸ ಮಾಡೀತು.

ಕೇಳುವುದನ್ನು ಕಿರಿದುಗೊಳಿಸಿ ಕೇಳುವುದೂ ಒಂದು ಬಲವೆಂಬುದನ್ನು ಅರಿಯಲು ಉದ್ಯೋಗಪರ್ವಕ್ಕಿಂತ ಒಳ್ಳೆಯ ಪಾಠವಿಲ್ಲ. ಪಾಂಡವರ ಹಕ್ಕು ಅರ್ಧರಾಜ್ಯ. ಅವರ ಬೇಡಿಕೆ ಕಡೆಗೆ ಇಳಿದು ನಿಂತುದು ಐದು ಗ್ರಾಮಗಳಿಗೆ. ದುರ್ಯೋಧನನು ಅದಕ್ಕೂ ಒಪ್ಪಲಿಲ್ಲವೆಂಬುದು ನಿಜ, ಮತ್ತು ಎಂಥ ವಾಗ್ಮಿಯ ಮಾತಿಗೂ ಬಗ್ಗದ ಕಿವಿಗಳು ಇರುತ್ತವೆಂಬುದೂ ನಿಜ. ಆದರೆ ಭೀಷ್ಮ, ದ್ರೋಣ, ವಿದುರರು ಕುಳಿತಿದ್ದ ಆ ಸಭೆಯಲ್ಲಿ, ಇಷ್ಟನ್ನೂ ಕೊಡಲಾರೆನೆಂದವನ ಮೇಲೆಯೇ ಅನ್ಯಾಯದ ಹೊರೆ ಬಿದ್ದಿತು. ವಾದ ಮಾಡುವುದು ಪ್ರತಿವಾದಿಯ ಇದಿರಿನಲ್ಲಾದರೂ, ತೀರ್ಮಾನ ಮಾಡುವುದು ಬಹುಮಟ್ಟಿಗೆ ಸುತ್ತ ಕುಳಿತ ಸಭೆ. ಬೀರುಗಳನ್ನೆಲ್ಲ ಎಂದೆಂದಿಗೂ ತೆರೆದಿಡಿ ಎನ್ನುವ ಬದಲು, ಕಥೆಗಳ ಒಂದು ಬೀರುವನ್ನು ಒಂದು ಅವಧಿಯ ಮಟ್ಟಿಗೆ ಎಂಟನೆಯ ತರಗತಿಯ ಹೊಣೆಗೆ ಬಿಟ್ಟು ನೋಡಿ, ಕಳೆದುದಕ್ಕೆ ನಾವು ಉತ್ತರ ಹೇಳುತ್ತೇವೆ ಎಂದು ಕೇಳುವ ಹುಡುಗನನ್ನು ನಿರಾಕರಿಸುವುದು ಮುಖ್ಯೋಪಾಧ್ಯಾಯರಿಗೂ ಕಷ್ಟವೇ.

ಭಾವದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಪ್ರಭುವಿನಂತೆ ಆಜ್ಞಾಪಿಸುವುದು, ಮಿತ್ರನಂತೆ ತಿಳಿಯಹೇಳುವುದು, ಕಾಂತೆಯಂತೆ ಒಲಿಸಿಕೊಳ್ಳುವುದು ಎಂದು ಉಪದೇಶದ ಮೂರು ರೀತಿಗಳನ್ನು ಮಮ್ಮಟನ ಕಾವ್ಯಪ್ರಕಾಶವನ್ನು ಓದಿದವರೆಲ್ಲ ಬಲ್ಲರು. ಮೂರನೆಯದು ಕಾವ್ಯಕ್ಕೆ ಮೀಸಲು. ಪ್ರಬಂಧಕ್ಕೆ ಒಪ್ಪುವುದು ನಡುವಣದು. ಏಳಿ, ಎದ್ದೇಳಿ ಎಂದು ಕೊನೆಯಲ್ಲಿ ಗರ್ಜಿಸುವ ಚಪಲ ನಮ್ಮ ಹುಡುಗರಿಗೆ ಭಾಷಣಕಾರರಿಂದ ಅಂಟಿದುದು, ಕಾಲಕ್ರಮದಲ್ಲಿ ಬಿಟ್ಟುಹೋಗುತ್ತದೆ.

ಬಿಟ್ಟುಹೋಗದಿರುವುದು ಬೇರೊಂದುಂಟು, ಅದು ಬರೆಯುವವನ ದೋಷವಲ್ಲ, ಅಂಕ ಕೊಡುವವರದು. ತತ್ತ್ವನಿರ್ಣಯಕ್ಕಾಗಿ ನಡೆಯುವ ವಾದ, ಗೆಲುವಿಗಾಗಿ ನಡೆಯುವ ಜಲ್ಪ, ತನ್ನದೊಂದು ಪಕ್ಷವೇ ಇಲ್ಲದೆ ಪರಪಕ್ಷವನ್ನು ಕೆಡಿಸುವ ವಿತಂಡ ಎಂದು ಗೌತಮನ ನ್ಯಾಯಸೂತ್ರವು ಮಾತಿನ ಸೆಣಸನ್ನು ಮೂರಾಗಿ ವಿಂಗಡಿಸಿತು. ಅಲ್ಲಿ ಎಣಿಕೆಗೆ ಬಾರದ ನಾಲ್ಕನೆಯದೊಂದನ್ನು ನಮ್ಮ ತರಗತಿಗಳು ಬೆಳೆಸಿವೆ: ಮೇಷ್ಟರ ಅಭಿಪ್ರಾಯ ಯಾವುದೆಂದು ಮೊದಲೇ ಊಹಿಸಿ, ಅದನ್ನೇ ಅವರಿಗೆ ಒಪ್ಪಿಸಿ ಅಂಕ ಪಡೆಯುವುದು. ಬೀಗ ಇರಲೇಬೇಕೆಂದು ನಂಬಿದ ಉಪಾಧ್ಯಾಯರೊಬ್ಬರು, ಬೀಗ ಬೇಡವೆಂದು ಚೆನ್ನಾಗಿ ವಾದಿಸಿದ ಹುಡುಗನಿಗೆ ತರಗತಿಯಲ್ಲೆಲ್ಲ ಹೆಚ್ಚಿನ ಅಂಕ ಕೊಟ್ಟು, ಅವನ ಪ್ರಬಂಧದ ಅಂಚಿನಲ್ಲಿ ತಮ್ಮ ಆಕ್ಷೇಪವೊಂದನ್ನು ಬರೆದು, ಇದಕ್ಕೆ ಏನು ಹೇಳುತ್ತೀಯೆ ಎಂದು ಹಿಂದಿರುಗಿಸಿದರೆ, ಅವನ ಎರಡನೆಯ ಕರಡಿಗೆ ಬೇಕಾದ ಪೂರ್ವಪಕ್ಷವು ಅಲ್ಲಿಯೇ ಸಿದ್ಧವಾಗಿರುತ್ತದೆ.