ತಪ್ಪು, ಎಡವು, ಹಂಸಪಾದ

ಇಂಗ್ಲಿಷಿನ ‘ಟು ಎರ್ ಈಸ್ ಹ್ಯೂಮನ್’ ಎಂಬ ನುಡಿ ‘ತಪ್ಪು ಮಾಡುವುದು ಮನುಷ್ಯ ಸಹಜ’ ಎಂಬ ರೂಪದಲ್ಲಿ ಕನ್ನಡದ ಭಾಷಣಗಳಲ್ಲಿಯೂ ಗ್ರಂಥಗಳ ಅರಿಕೆಗಳಲ್ಲಿಯೂ ನೆಲೆಯೂರಿದೆ. ಕ್ಷಮಾಪಣೆಗೆ ಬದಲಾಗಿ ಬಳಕೆಯಾಗುವ ಈ ಮಾತಿನ ಹುಟ್ಟನ್ನು ಪರಿಶೀಲಿಸಿದರೆ, ಅದು ಭಾವಿಸಿದಷ್ಟು ಉದಾರವಾದುದಲ್ಲವೆಂದು ತಿಳಿಯುತ್ತದೆ.

ಇದಕ್ಕೆ ಪ್ರಸಿದ್ಧಿ ತಂದವನು ಅಲೆಕ್ಸಾಂಡರ್ ಪೋಪ್. 1711ರಲ್ಲಿ ಪ್ರಕಟವಾದ ‘ಆ್ಯನ್ ಎಸ್ಸೆ ಆನ್ ಕ್ರಿಟಿಸಿಸಂ’ ಎಂಬ ಪದ್ಯಕೃತಿಯಲ್ಲಿ ಅವನು ತಪ್ಪನ್ನು ಮನುಷ್ಯನಿಗೂ ಕ್ಷಮೆಯನ್ನು ದೈವಕ್ಕೂ ಹಂಚಿಕೊಟ್ಟ. ಅಲ್ಲಿ ಅವನ ಕಣ್ಣಿದ್ದುದು ವಿಮರ್ಶಕರ ಮೇಲೆ. ಕವಿಯ ದೋಷವನ್ನು ಹುಡುಕುವ ಹಮ್ಮಿನಲ್ಲಿ ಮನುಷ್ಯತ್ವವನ್ನು ಕಳೆದುಕೊಳ್ಳಬಾರದೆಂಬುದು ತಾತ್ಪರ್ಯ. ಅಂದರೆ, ತಪ್ಪಿದವನು ತನಗೆ ತಾನೇ ಹೇಳಿಕೊಳ್ಳುವ ಸಮಾಧಾನ ಅದಲ್ಲ. ಲ್ಯಾಟಿನ್ ಪರಂಪರೆ ಇನ್ನೂ ಕಟುವಾದುದು. ತಪ್ಪುವುದು ಯಾರಿಗಾದರೂ ಉಂಟು, ತಪ್ಪಿನಲ್ಲಿಯೇ ಮುಂದುವರಿಯುವುದು ಮೂಢನಿಗೆ ಮಾತ್ರ ಎಂಬ ಅರ್ಥದಲ್ಲಿ ಸಿಸೆರೊ ಕ್ರಿ.ಪೂ. 43ರಲ್ಲಿಯೇ ನುಡಿದಿದ್ದ. ಸಂತ ಅಗಸ್ಟೀನನಲ್ಲಿ ಮೂಢನ ಜಾಗಕ್ಕೆ ಸೈತಾನನೇ ಬಂದ. (ಸೆನೆಕನ ಹೆಸರಿನಲ್ಲಿ ಓಡಾಡುವ ಸೂತ್ರರೂಪ ಅವನ ಉಪಲಬ್ಧ ಕೃತಿಗಳಲ್ಲಿಲ್ಲ, ತಪ್ಪಿನ ಕುರಿತ ನುಡಿಯೇ ತಪ್ಪು ವಿಳಾಸಕ್ಕೆ ಸೇರಿದೆ!) ಲೋಕ ಉಳಿಸಿಕೊಂಡದ್ದು ಅನುಕೂಲವಾದ ಪೂರ್ವಾರ್ಧವನ್ನು.

ಲ್ಯಾಟಿನ್ನಿನ ‘ಎರ್ರಾರೆ’ ಎಂಬುದರ ಮೂಲಾರ್ಥ ಅಲೆಯುವುದು, ದಾರಿ ಬಿಡುವುದು. ಕನ್ನಡದ ‘ತಪ್ಪು’ ಕೂಡ ಮೊದಲಿಗೆ ಕ್ರಿಯಾಪದವೇ: ದಾರಿ ತಪ್ಪು, ಗುರಿ ತಪ್ಪು. ಸಂಸ್ಕೃತದ ‘ಸ್ಖಾಲಿತ್ಯ’ ಎಡವುವಿಕೆಯಿಂದ ಬಂದುದು. ಜೈನ ಆಚಾರದಲ್ಲಿ ವ್ರತದ ಎಲ್ಲೆಯನ್ನು ಮೀರಿದರೆ ಅದು ‘ಅತಿಚಾರ’. ಅದನ್ನು ಒಪ್ಪಿಕೊಂಡು ಹೆಜ್ಜೆ ಹಿಂದಿಡುವುದು ‘ಪ್ರತಿಕ್ರಮಣ’. ‘ನಡೆಯುವವರು ಎಡವದೆ ಕುಳಿತವರು ಎಡವಿಯಾರೇ’ ಎಂಬ ಗಾದೆಯೂ ಕಾಲಿನ ಭಾಷೆಯನ್ನೇ ಆಡುತ್ತದೆ. ನಡೆಯುವವನಿಗೆ ಎಡವುವ ಹಕ್ಕಿದೆ, ಸರಿ. ಬಿಟ್ಟ ದಾರಿಗೆ ಮರಳುವ ಹೊಣೆಯಿಲ್ಲವೆಂದು ಈ ಶಬ್ದಗಳಲ್ಲಿ ಯಾವುದೂ ಹೇಳುವುದಿಲ್ಲ.

ಬೆಂಗಳೂರಿನ ದಕ್ಷಿಣಕ್ಕಿರುವ ಬೇಗೂರಿನಲ್ಲಿ ಈ ವಿಷಯಕ್ಕೆ ಕಲ್ಲಿನ ನಿದರ್ಶನವೇ ಇದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೇಯಿಸಿದ ಕಾಳನ್ನು ಉಣಬಡಿಸಿದುದರಿಂದ ಊರಿಗೆ ‘ಬೆಂದಕಾಳೂರು’ ಎಂಬ ಹೆಸರು ಬಂದಿತೆಂಬ ಕಥೆಯನ್ನು ಅರಿಯದವರಿಲ್ಲ. ಇಮ್ಮಡಿ ವೀರಬಲ್ಲಾಳನ ಆಳ್ವಿಕೆ 1173ರಿಂದ 1220ರವರೆಗೆ. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಗಂಗರ ಕಾಲದ ಶಾಸನವಾದರೋ ಸುಮಾರು ಕ್ರಿ.ಶ. 890ರದು. ಅದರಲ್ಲಿ ‘ಬೆಂಗುಳೂರ’ ಕಾಳೆಗದ ಪ್ರಸ್ತಾಪವಿದೆ. ನಾಗತ್ತರನ ಕಡೆಯವರು ಅದರಲ್ಲಿ ಮಡಿದರೆಂದಿದೆ. ಬಲ್ಲಾಳ ಹಸಿದು ಬರುವುದಕ್ಕೆ ಮೂರು ಶತಮಾನಗಳ ಮುನ್ನವೇ ಊರಿಗೆ ಹೆಸರಿತ್ತು, ಕಾಳೆಗವೂ ನಡೆದಿತ್ತು. ಬೇಯಿಸಿದ ಕಾಳಿಗೆ ಅಲ್ಲಿ ಎಡೆಯಿಲ್ಲ.

ಆರ್. ನರಸಿಂಹಾಚಾರ್ಯರು ಈ ಶಾಸನವನ್ನು ಬೆಳಕಿಗೆ ತರುವ ಮುನ್ನ ಕಾಳಿನ ಕಥೆಯನ್ನು ಬರೆದವರದು ಸಹಜವಾದ ತಪ್ಪು. ಅವರ ಕೈಯಲ್ಲಿ ಆಧಾರವಿರಲಿಲ್ಲ. ಪಾಠವು ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಅಚ್ಚಾದ ಮೇಲೂ ನಿಷ್ಪತ್ತಿಯೆಂದು ಅದನ್ನೇ ಬೋಧಿಸುವುದು ಸಿಸೆರೊ ಹೇಳಿದ ಎರಡನೆಯ ವರ್ಗಕ್ಕೆ ಸೇರುತ್ತದೆ. ಹಾಗೆಂದು ಕಥೆಯನ್ನು ಅಳಿಸಬೇಕಿಲ್ಲ. ಅರಸನ ಹಸಿವು, ಬಡವಿಯ ಉಪಚಾರ, ಪದವನ್ನು ಒಡೆದು ಅರ್ಥ ಕಟ್ಟುವ ಜನಪದರ ಜಾಣ್ಮೆ ಇವೆಲ್ಲ ಜಾನಪದ ವಿದ್ಯಾರ್ಥಿಗೆ ಬೆಲೆಯುಳ್ಳ ಸಾಮಗ್ರಿ. ಸ್ಥಳನಾಮ ವಿಚಾರದ ಪುಟದಲ್ಲಿ ಮಾತ್ರ ಅದಕ್ಕೆ ಜಾಗ ಸಲ್ಲದು. ಬೇಂಗೆ ಮರದಿಂದ ಹೆಸರು ಬಂತೆಂಬ ಊಹೆಯನ್ನಾದರೂ ಊಹೆಯೆಂದೇ ಕಲಿಸಬೇಕು.

ತಪ್ಪಿನ ವಿಷಯದಲ್ಲಿ ಕನ್ನಡ ಲಿಪಿಕಾರರು ಬಿಟ್ಟುಹೋದ ನುಡಿಗಟ್ಟೊಂದು ಪೋಪನ ಮಾತಿಗಿಂತ ಹೆಚ್ಚು ಖಚಿತವಾಗಿದೆ: ‘ಆದಿಯಲ್ಲೇ ಹಂಸಪಾದ’. ಓಲೆಯಲ್ಲಿ ಅಕ್ಷರ ಬಿಟ್ಟುಹೋದಾಗ ಆ ಎಡೆಯಲ್ಲಿ ಹಂಸದ ಹೆಜ್ಜೆಯಂತಹ ಗುರುತನ್ನಿಟ್ಟು, ಬಿಟ್ಟುದನ್ನು ಸಾಲಿನ ಮೇಲೋ ಅಂಚಿನಲ್ಲೋ ಸೇರಿಸುತ್ತಿದ್ದರು. ಇಂದು ಆರಂಭದಲ್ಲಿಯೇ ಆದ ಪ್ರಮಾದವನ್ನು ಹೀಗೆ ಕರೆದು ನಗುತ್ತಾರೆ. ಆದರೆ ಆ ಗುರುತು ಪ್ರಮಾದದ್ದಲ್ಲ. ಬರೆದವನು ತನ್ನ ಓಲೆಯನ್ನು ಮತ್ತೊಮ್ಮೆ ಓದಿ ತಿದ್ದಿದ ಎಡೆಯದು.