ಗಡಿಯಲ್ಲಿ ಕಾಯುವ ದಿನಗಳಿಗೆ ಲೆಕ್ಕ ಬೇಕು: ಮುಂಬಯಿಯ ಕನ್ನಡಿಗ ಲಾರಿ ಮಾಲೀಕರು ಮತ್ತು ಚಾಲಕರ ಹಕ್ಕೊತ್ತಾಯ ಪತ್ರ

ಇವರಿಗೆ: ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯ, ಕೇಂದ್ರ ಪರೋಕ್ಷ ತೆರಿಗೆ ಮತ್ತು ಸುಂಕ ಮಂಡಳಿ, ಭಾರತೀಯ ಭೂ ಬಂದರು ಪ್ರಾಧಿಕಾರ, ಮಹಾರಾಷ್ಟ್ರ ಸರ್ಕಾರ

ಮಾನ್ಯರೇ,

ಕಳಂಬೋಲಿ, ವಾಶಿ, ವಡಾಲಾ, ಭಿವಂಡಿಗಳಲ್ಲಿ ಲಾರಿ ನಿಲ್ಲಿಸಿಕೊಂಡು ಬಾಡಿಗೆ ಹಿಡಿಯುವ ಕನ್ನಡಿಗರು ನಾವು. ಒಂದೋ ಎರಡೋ ಲಾರಿಗೆ ಬ್ಯಾಂಕಿನ ಕಂತು ಕಟ್ಟುವ ಮಾಲೀಕರು, ಅವನ್ನು ಓಡಿಸುವ ಚಾಲಕರು, ಕ್ಲೀನರ್‌ಗಳು. ಇಲ್ಲಿಂದ ಬಾಂಗ್ಲಾದೇಶಕ್ಕೆ ರಸ್ತೆಯಲ್ಲಿ ಮಾಲು ಒಯ್ಯಬೇಕಾದರೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ, ಪಶ್ಚಿಮ ಬಂಗಾಳದ ಪೆಟ್ರಾಪೋಲ್ ಮುಟ್ಟಬೇಕು. ನೇಪಾಳಕ್ಕಾದರೆ ಬಿಹಾರದ ರಕ್ಸೌಲ್. ಅಷ್ಟು ದೂರ ಹೋದ ಮೇಲೆ ಸರದಿಯಲ್ಲಿ ದಿನಗಟ್ಟಲೆ ನಿಲ್ಲಬೇಕು. ಪೆಟ್ರಾಪೋಲ್–ಬೇನಾಪೋಲ್ ಗಡಿ ದಾಟಲು 138 ಗಂಟೆ ಹಿಡಿಯುತ್ತದೆ, ಅದರಲ್ಲಿ 28 ಗಂಟೆ ಬರೀ ಲಾರಿಯಿಂದ ಲಾರಿಗೆ ಮಾಲು ಬದಲಿಸುವುದಕ್ಕೇ ಹೋಗುತ್ತದೆ ಎಂದು ವಿಶ್ವಬ್ಯಾಂಕ್ 2021ರ ವರದಿಯಲ್ಲಿ ಹೇಳಿತು. ಅಷ್ಟೇ ದಟ್ಟಣೆಯ ಪೂರ್ವ ಆಫ್ರಿಕಾದ ಗಡಿಗಳಲ್ಲಿ ಆರು ಗಂಟೆಯೊಳಗೆ ಮುಗಿಯುವ ಕೆಲಸವಿದು. ಹೀಗೆ ಕಾಯುವ ಖರ್ಚು ನಮ್ಮ ಜೇಬಿನಿಂದ ಹೋಗುತ್ತಿದೆ. ಇನ್ನು ಹೋಗಬಾರದು. ನಮ್ಮ ಹಕ್ಕೊತ್ತಾಯಗಳು ಇವು:

1. ಹಾಲ್ಟಿಂಗ್ ಹಣ, ಅಂದರೆ ಲಾರಿ ಕಾದು ನಿಂತ ದಿನಗಳ ಹಣ, ಕಾನೂನಿನ ಹಕ್ಕಾಗಬೇಕು. ಮಾಲು ತುಂಬುವಾಗ ಬ್ರೋಕರ್ ಬಾಯಿಮಾತಿನಲ್ಲಿ ಒಪ್ಪಿದ ಹಾಲ್ಟಿಂಗ್, ಬಾಡಿಗೆ ಚುಕ್ತಾ ಮಾಡುವಾಗ ಇರುವುದಿಲ್ಲ. ಕೇಳಿದರೆ ಮುಂದಿನ ಬಾಡಿಗೆಯೂ ಇಲ್ಲ. ಲಾರಿ ಗಡಿಯ ಪಾರ್ಕಿಂಗಿಗೆ ಬಂದ ವೇಳೆ ಮತ್ತು ಬಿಟ್ಟ ವೇಳೆ ಸರ್ಕಾರಿ ದಾಖಲೆಯಲ್ಲಿ ಬೀಳಲಿ. ಪಶ್ಚಿಮ ಬಂಗಾಳ ಸರ್ಕಾರದ ‘ಸುವಿಧಾ’ ಆನ್‌ಲೈನ್ ಸರದಿಯಲ್ಲಿ ಲಾರಿಯ ನಂಬರು ಹೇಗೂ ದಾಖಲಾಗುತ್ತದೆ. ಇದು ಹೊಸ ಹೊರೆಯಲ್ಲ. ಮೊದಲ 24 ಗಂಟೆ ಕಳೆದ ಮೇಲೆ ಪ್ರತಿ ದಿನಕ್ಕೂ ನಿಗದಿತ ದರವನ್ನು ಮಾಲು ಕಳಿಸಿದವರು ಕೊಡಬೇಕು, ತಡ ಗಡಿಯ ಸರ್ಕಾರಿ ಕಚೇರಿಯದಾದರೆ ಆ ಕಚೇರಿ ಕೊಡಬೇಕು. ಅದರಲ್ಲಿ ಚಾಲಕನ ಭತ್ಯೆ ಬೇರೆಯಾಗಿ ನಮೂದಾಗಿ ಅವನ ಖಾತೆಗೇ ಹೋಗಬೇಕು. ಮಾಲೀಕರಾದ ನಾವು ಇದಕ್ಕೆ ಒಪ್ಪಿ ಸಹಿ ಹಾಕುತ್ತಿದ್ದೇವೆ. 2007ರ ರಸ್ತೆ ಸಾಗಣೆ ಕಾಯ್ದೆಗೆ ಈ ತಿದ್ದುಪಡಿ ತನ್ನಿ.

2. ಸುಂಕದ ತಪಾಸಣೆ ಮುಂಬಯಿಯಲ್ಲೇ ಮುಗಿಯಬೇಕು. ಕೋಲ್ಕತ್ತಾ ಬಂದರಿನಿಂದ ರೈಲಿನಲ್ಲಿ ನೇಪಾಳಕ್ಕೆ ಹೋಗುವ ಕಂಟೇನರಿಗೆ ಇಲೆಕ್ಟ್ರಾನಿಕ್ ಸೀಲ್ ಹಾಕುವ ಪದ್ಧತಿ ಬಂದಿದೆ. ಭಿವಂಡಿಯ ಗೋದಾಮಿನಲ್ಲಿ ತುಂಬಿದ ಲಾರಿಗೂ ಅಂಥದೇ ಸೀಲ್ ಹಾಕಿ. ಗಡಿಯಲ್ಲಿ ಸೀಲ್ ನೋಡಿ ಬಿಡಿ.

3. ರಾತ್ರೋರಾತ್ರಿ ಬರುವ ಆದೇಶ ದಾರಿಯಲ್ಲಿರುವ ಲಾರಿಗೆ ತಗಲಬಾರದು. 2020ರ ಸೆಪ್ಟೆಂಬರ್ 14ರಂದು ಈರುಳ್ಳಿ ರಫ್ತು ನಿಂತಿತು. 2023ರ ಡಿಸೆಂಬರ್‌ನಲ್ಲಿ ಮತ್ತೆ ನಿಂತಿತು. ನಾಸಿಕ್‌ನ ಈರುಳ್ಳಿ ತಾಡಪತ್ರಿಯಡಿ ನಾಲ್ಕು ದಿನ ನಿಂತರೆ ಬೆವರುತ್ತದೆ, ಮೊಳಕೆ ಒಡೆಯುತ್ತದೆ, ಕೊನೆಗೆ ಹಲಗೆಯ ಸಂದಿಯಿಂದ ಕಪ್ಪು ನೀರು ತೊಟ್ಟಿಕ್ಕುತ್ತದೆ. ಆ ನಾತದ ಪಕ್ಕದಲ್ಲೇ ಚಾಲಕ ಮಲಗುತ್ತಾನೆ. ಕೊಳೆತ ಮಾಲನ್ನು ಎಲ್ಲಿ ಸುರಿಯಬೇಕೆಂದು ಹೇಳುವವರೂ ಇರುವುದಿಲ್ಲ. 2025ರ ಏಪ್ರಿಲ್‌ನಲ್ಲಿ ಬಾಂಗ್ಲಾದೇಶ ನಮ್ಮ ನೂಲನ್ನು ಭೂಗಡಿಯಲ್ಲಿ ತಡೆಯಿತು. ಮೇ 17ರಂದು ನಮ್ಮ ಸರ್ಕಾರ ಅವರ ಸಿದ್ಧ ಉಡುಪನ್ನು ಭೂಗಡಿ ಬಿಡಿಸಿ ನ್ಹಾವಾ ಶೇವಾ, ಕೋಲ್ಕತ್ತಾ ಬಂದರುಗಳಿಗೆ ತಿರುಗಿಸಿತು. ದೇಶದ ವಿದೇಶಾಂಗ ನೀತಿಯನ್ನು ನಾವು ಪ್ರಶ್ನಿಸುತ್ತಿಲ್ಲ. ಆದೇಶದ ದಿನಕ್ಕಿಂತ ಮೊದಲು ಬಿಲ್ಟಿ (ಸಾಗಣೆ ರಸೀದಿ) ಕತ್ತರಿಸಿದ ಲಾರಿಯನ್ನು ದಾಟಿಸಿ; ಆಗದಿದ್ದರೆ ವಾಪಸು ಬಾಡಿಗೆ ಕೊಡಿ.

4. ಥಿಂಪು ಒಪ್ಪಂದ ಜಾರಿಯಾಗಬೇಕು. ಬಾಂಗ್ಲಾದೇಶ, ಭೂತಾನ್, ಭಾರತ, ನೇಪಾಳಗಳು, ಒಬ್ಬರ ವಾಹನ ಇನ್ನೊಬ್ಬರ ನೆಲದಲ್ಲಿ ಓಡಲು ಬಿಡುವ ಈ ಮೋಟಾರು ವಾಹನ ಒಪ್ಪಂದಕ್ಕೆ ಥಿಂಪುವಿನಲ್ಲಿ ಸಹಿ ಹಾಕಿದ್ದು 2015ರ ಜೂನ್ 15ರಂದು. ಭೂತಾನ್ ಹೊರಗುಳಿದರೂ ಉಳಿದ ಮೂರು ದೇಶಗಳು ಮುಂದುವರಿಯಲು 2022ರಲ್ಲಿ ಮಾತಾಡಿಕೊಂಡವು. ಬಾಂಗ್ಲಾದೇಶದೊಂದಿಗಿನ ಸಂಬಂಧ ಹದಗೆಟ್ಟಿದೆಯೆಂದು ಕಡತ ಮುಚ್ಚಬೇಡಿ, ನೇಪಾಳದೊಂದಿಗಾದರೂ ಶುರುಮಾಡಿ. ಮಾರ್ಗಗಳ ಪಟ್ಟಿಯಲ್ಲಿ ಮುಂಬಯಿ ಇರಲಿ. ಪರವಾನಗಿ ದೊಡ್ಡ ಕಂಪನಿಗಳಿಗಷ್ಟೇ ಸಿಕ್ಕುವಂತಾಗದೆ ಒಂದೇ ಲಾರಿ ಇರುವವನಿಗೂ ಸಿಗಲಿ. ನೆರೆದೇಶದ ಲಾರಿ ಇಲ್ಲಿಗೆ ಬಂದರೆ ನಮ್ಮ ಬಾಡಿಗೆ ಕೈತಪ್ಪುತ್ತದೆಂಬ ಅಂಜಿಕೆ ನಮ್ಮಲ್ಲೇ ಕೆಲವರಿಗಿದೆ. ಆದರೆ ಬೇನಾಪೋಲ್‌ನಲ್ಲಿ ಮಾಲು ಇಳಿಸಿ ಖಾಲಿ ಲಾರಿ ತಿರುಗಿಸುವ ಬದಲು ಢಾಕಾವರೆಗೆ ಹೋಗಿ ಮರಳು ಬಾಡಿಗೆ ತರುವುದು ನಮಗೂ ಲಾಭವೇ.

5. ನ್ಹಾವಾ ಶೇವಾದಿಂದ ಪೆಟ್ರಾಪೋಲ್‌ವರೆಗೆ, ಲಾರಿ ನಿಲ್ಲಿಸಿದಲ್ಲೆಲ್ಲ ಕಕ್ಕಸು, ಸ್ನಾನದ ಮನೆ, ಕುಡಿಯುವ ನೀರು, ಅಡುಗೆಗೆ ನೆರಳು ಬೇಕು. ಪಾರ್ಕಿಂಗ್ ಶುಲ್ಕ ಪಡೆಯುವವರೇ ಇದನ್ನು ಒದಗಿಸಬೇಕು.

6. ಚಾಲಕ ಸಹಿ ಹಾಕುವ ಕಾಗದ ಅವನಿಗೆ ಓದಲು ಬರುವ ಭಾಷೆಯಲ್ಲಿರಬೇಕು. ಇಂಡಿ, ಆಳಂದ, ಅಥಣಿ ಕಡೆಯ ಹುಡುಗ ಗಡಿಯಲ್ಲಿ ಇಂಗ್ಲಿಷ್ ಫಾರಂಗೆ, ಏಜೆಂಟ್ ಬೆರಳಿಟ್ಟು ತೋರಿಸಿದ ಕಡೆ ಸಹಿ ಮಾಡುತ್ತಾನೆ. ಮಾಲಿನ ತೂಕದಲ್ಲಿ ವ್ಯತ್ಯಾಸ ಬಂದರೆ ಸಿಕ್ಕಿಬೀಳುವವನು ಅವನೇ. ಕನ್ನಡ, ಮರಾಠಿಯೂ ಸೇರಿ ಭಾರತೀಯ ಭಾಷೆಗಳಲ್ಲಿ ಫಾರಂ ಕೊಡಿ; ಫೋನಿನಲ್ಲಿ ಕನ್ನಡದಲ್ಲಿ ಉತ್ತರ ಹೇಳುವ ಸಹಾಯವಾಣಿ ಕೊಡಿ.

7. ಮಹಾರಾಷ್ಟ್ರ ಸರ್ಕಾರ 1969ರ ಮಾಥಾಡಿ ಕಾಯ್ದೆಯಿಂದ ಹಮಾಲರಿಗೆ ಮಂಡಳಿ ಕಟ್ಟಿಕೊಟ್ಟಿತು. ಕೂಲಿ, ಭವಿಷ್ಯನಿಧಿ, ಚಿಕಿತ್ಸೆಗೆ ದಾರಿಯಾಯಿತು. ಲಾರಿಗೆ ಮಾಲು ಹೇರುವವನಿಗೆ ಇರುವ ಈ ರಕ್ಷಣೆ ಆ ಲಾರಿ ಓಡಿಸುವವನಿಗೂ, ಕ್ಲೀನರಿಗೂ ಅದೇ ಮಾದರಿಯಲ್ಲಿ ಸಿಗಬೇಕು, ಅವರು ಯಾವ ರಾಜ್ಯದವರೇ ಆಗಿರಲಿ.

ಮೊದಲನೆಯ ಹಕ್ಕೊತ್ತಾಯಕ್ಕೆ ಯಾವ ನೆರೆದೇಶದ ಒಪ್ಪಿಗೆಯೂ ಬೇಕಿಲ್ಲ. ಅದರ ಬಗ್ಗೆ 60 ದಿನಗಳೊಳಗೆ ನಮ್ಮ ಪ್ರತಿನಿಧಿಗಳನ್ನು ಕರೆದು ಮಾತಾಡಿ, ಲಿಖಿತ ಉತ್ತರ ಕೊಡಬೇಕೆಂದು ಒತ್ತಾಯಿಸುತ್ತೇವೆ.

ಇಂತಿ,
ಮುಂಬಯಿ ಮಹಾನಗರ ಮತ್ತು ಉಪನಗರಗಳ ಕನ್ನಡಿಗ ಲಾರಿ ಮಾಲೀಕರು, ಚಾಲಕರು ಮತ್ತು ಕ್ಲೀನರ್‌ಗಳು