ಎಣಿಕೆಯೂ ಬೆಲೆಯೂ

ಅಮೆರಿಕಾ ದೇಶದ ಬಿಲ್‌ಬೋರ್ಡ್ ಪತ್ರಿಕೆಯು 1958ರಿಂದ ವಾರವಾರವೂ ನೂರು ಹಾಡುಗಳ ಪಟ್ಟಿಯೊಂದನ್ನು ಪ್ರಕಟಿಸುತ್ತ ಬಂದಿರುವುದು. 2024ರಲ್ಲಿ ಆ ಪಟ್ಟಿಯ 23ನೆಯ ಸ್ಥಾನಕ್ಕೇರಿದ ‘ಬಿಗ್ ಡಾಗ್ಸ್’ ಎಂಬ ರ‍್ಯಾಪ್ ಹಾಡಿನ ಕರ್ತೃ ಹನುಮಾನ್‌ಕೈಂಡ್ ಎಂದು ಹೆಸರಾದ ಸೂರಜ್ ಚೆರುಕಾಟ್. ಅವರ ಹುಟ್ಟು ಕೇರಳದಲ್ಲಿ. ಎಳೆತನ ಕಳೆದುದು ಅಮೆರಿಕದ ಹ್ಯೂಸ್ಟನ್ನಿನಲ್ಲಿ. ಹಾಡುಗಾರಿಕೆ ಬೆಳೆದುದು ಬೆಂಗಳೂರಿನಲ್ಲಿ. ಇಂತಹ ಸುದ್ದಿ ಬಂದೊಡನೆ ವಿದ್ಯಾವಂತರಲ್ಲಿ ಎರಡು ಬಗೆಯ ಮಾತು ಏಳುವುದು. ‘ಪಟ್ಟಿಗೇರಿತು, ಆದುದರಿಂದ ಶ್ರೇಷ್ಠ’ ಎಂಬುದೊಂದು. ‘ಇದು ಪರದೇಶದ ಗದ್ದಲ, ಆದುದರಿಂದ ತ್ಯಾಜ್ಯ’ ಎಂಬುದಿನ್ನೊಂದು. ಎರಡೂ ವಿಚಾರಿಸದೆ ಆಡಿದ ಮಾತುಗಳೇ.

ಮೊದಲನೆಯ ಮಾತನ್ನು ನೋಡತಕ್ಕದ್ದು. ಆ ಪಟ್ಟಿಯು ಎಣಿಸುವುದು ಮಾರಾಟವನ್ನು, ರೇಡಿಯೋ ಪ್ರಸಾರವನ್ನು, ಅಂತರಜಾಲದಲ್ಲಿ ಕೇಳಿದವರ ಲೆಕ್ಕವನ್ನು. ಸಂತೆಯ ತಕ್ಕಡಿ ಬೆಲ್ಲದ ತೂಕವನ್ನು ಹೇಳೀತು. ಸಿಹಿಯನ್ನು ನಾಲಗೆಯೇ ಹೇಳಬೇಕು. ಸಕಲೇಶಪುರದ ಕಡೆಯ ಚಂದನ್ ಶೆಟ್ಟಿಯವರ ‘3 ಪೆಗ್’ ಕನ್ನಡನಾಡಿನ ಮೂಲೆಮೂಲೆಗೂ ಮುಟ್ಟಿತು. 2018ರಲ್ಲಿ ಅವರು ಬಿಗ್ ಬಾಸ್ ಸ್ಪರ್ಧೆಯನ್ನೂ ಗೆದ್ದರು. ಅವರ ಶ್ರಮ ಅಲ್ಲಗಳೆಯತಕ್ಕುದಲ್ಲ. ಆದರೆ ಕೇಳುವವರು ಹೆಚ್ಚಿದ ಮಾತ್ರಕ್ಕೆ ಕುಡಿತದ ಹಾಡು ಕಾವ್ಯವಾದೀತೆ? ಅದೇ 2018ರಲ್ಲಿ ಅಮೆರಿಕದ ಕೆಂಡ್ರಿಕ್ ಲಾಮಾರರ ರ‍್ಯಾಪ್ ಕೃತಿ ‘ಡ್ಯಾಮ್’ ಪುಲಿಟ್ಜರ್ ಪಾರಿತೋಷಕವನ್ನು ಪಡೆಯಿತು. ಅದೂ ಜನಪ್ರಿಯವೇ, ಆದರೆ ಪಾರಿತೋಷಕವಿತ್ತವರು ತಲೆಗಳನ್ನು ಎಣಿಸಲಿಲ್ಲ, ಕೃತಿಯನ್ನು ತೂಗಿ ನೋಡಿದರು.

ಇನ್ನು ಎರಡನೆಯ ಮಾತು. 1973ರ ಸುಮಾರಿಗೆ ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದ ಬಡ ಕರಿಯ ತರುಣರ ನಡುವೆ ತಲೆಯೆತ್ತಿದ ಈ ಕಲೆಯ ಜೀವಾಳವೇನು? ತಾಳಕ್ಕೆ ಹೊಂದಿಸಿ ಮಾತನ್ನು ಓಡಿಸುವುದು. ಇದು ಈ ಸೀಮೆಗೆ ಹೊಸದೆ? ವೀರಗಾಸೆಯ ಕುಣಿತ ನಿಂತಾಗ ಒಡಪು ಹೇಳುವವನು ಮುಂದೆ ಬಂದು, ದಕ್ಷಯಜ್ಞದ ಕಥೆಯನ್ನು ಏರುದನಿಯಲ್ಲಿ ಉಸಿರು ಬಿಗಿಹಿಡಿದು ನುಡಿಯುವನು. ನುಡಿ ಮುಗಿದೊಡನೆ ವಾದ್ಯಗಳು ಮೊಳಗುವುವು. ಇದನ್ನು ಕೇಳಿ ಬೆಳೆದವರು ಲಯದ ಮಾತನ್ನು ಪರದೇಶದ್ದೆನ್ನುವುದು ಹಿತ್ತಲ ಗಿಡವನ್ನು ಮದ್ದಲ್ಲವೆಂದಂತೆಯೇ ಸರಿ.

ಹಾಗೆಂದು ಜನಪದವನ್ನು ಹೇಗೆಂದರೆ ಹಾಗೆ ಎತ್ತಿಕೊಳ್ಳುವುದೂ ಸಲ್ಲದು. 2020ರಲ್ಲಿ ಮಲೆಯ ಮಹದೇಶ್ವರರ ಜನಪದ ಗೀತವನ್ನಾಧರಿಸಿದ ‘ಕೋಲುಮಂಡೆ’ ಹೊರಬಂದಾಗ ಭಕ್ತರು ಪ್ರತಿಭಟಿಸಿದರು. ಚಂದನ್ ಶೆಟ್ಟಿಯವರು ಕ್ಷಮೆ ಕೋರಬೇಕಾಯಿತು. ಹಾಡಿನೊಡನೆ ಅದನ್ನು ಉಳಿಸಿಕೊಂಡು ಬಂದವರ ಮನಸ್ಸನ್ನೂ ಅರಿಯಬೇಕೆಂಬ ಪಾಠ ಅದರಲ್ಲಿದೆ.

ಆದುದರಿಂದ ತರುಣರನ್ನು ಬೈದು ಫಲವಿಲ್ಲ. ಪಟ್ಟಿ ತೋರಿಸಿ ಹುರಿದುಂಬಿಸಿಯೂ ಫಲವಿಲ್ಲ. ತರೀಕೆರೆಯ ಅಡಕೆ, ಕಡೂರಿನ ಒಣಗುವ ತೆಂಗು, ಅಜ್ಜಂಪುರದ ಈರುಳ್ಳಿಯ ಧಾರಣೆ, ಕೆಲಸವರಸಿ ಬೆಂಗಳೂರಿಗೆ ಹೋದ ಮಕ್ಕಳ ದಾರಿ ಕಾಯುವ ಮನೆಗಳು: ಹಾಡಿಗೆ ವಸ್ತುವಿನ ಬರವೆಲ್ಲಿದೆ? ಒಡಪು ಬಲ್ಲ ಹಿರಿಯರನ್ನು ಶಾಲೆಯ ವಾರ್ಷಿಕೋತ್ಸವಕ್ಕೆ ಕರೆಸಿ, ಹೊಸ ಹಾಡುಗಾರ ಹುಡುಗನನ್ನು ಅವರ ಪಕ್ಕದಲ್ಲಿಯೇ ನಿಲ್ಲಿಸಲಿ. ಅಲ್ಲಿ ಹುಟ್ಟಿದ ಹಾಡು ಯಾವ ಪಟ್ಟಿಗೂ ಏರದಿದ್ದರೂ ಊರಿನ ಬಾಯಲ್ಲಿ ಉಳಿದರೆ ಅದಕ್ಕಿಂತ ಬೇರೆ ಬೆಲೆ ಬೇಕಿಲ್ಲ.